ಪಿಂಟುವಿನ ಲಸಿಕೆ ಕಾರ್ಡು

ಕೊರೊನಾ ಗಲಾಟೆ ಮುಗಿದ ಮರುವರ್ಷದ ಮಾತು. ಸರ್ಕಾರಿ ಪಶುವೈದ್ಯನ ಕೆಲಸದಿಂದ ನಿವೃತ್ತನಾದ ನಾನು ಕೆಲವು ವರ್ಷಗಳಿಂದ ಹೊನ್ನಾವರದಲ್ಲಿ ಒಂದೇ ಕೋಣೆಯ ಕ್ಲಿನಿಕ್ ಇಟ್ಟುಕೊಂಡಿದ್ದೆ. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಕೂತರೆ ಗೋಡೆ ನೋಡಬೇಕು, ಕ್ಲಿನಿಕ್ಕಿನಲ್ಲಾದರೆ ಬೆಕ್ಕು ಪರಚುತ್ತದೆ. ಪರಚಿಸಿಕೊಳ್ಳುವುದೇ ಮೇಲು ಅನ್ನಿಸಿತ್ತು.

ಪಿಂಟು ದಕ್ಕೆಯ ಮೇಲೆ, ಅಂದರೆ ಬೋಟು ಕಟ್ಟುವ ಜಾಗದಲ್ಲಿ ಸಿಕ್ಕ ಊರನಾಯಿ. ಮರಿಯಾಗಿದ್ದಾಗ ಎತ್ತಿಕೊಂಡು ಬಂದವನು ಗಣಪತಿ, ಮೀನುಗಾರಿಕೆ ಬೋಟು ನಡೆಸುವ ತಾಂಡೇಲ. ಸಮುದ್ರಕ್ಕೆ ಹೋದರೆ ವಾರಗಟ್ಟಲೆ ಬಾರದ ಮನುಷ್ಯ. ಹಾಗಾಗಿ ನಾಯಿಯನ್ನು ಸಾಕಿದವಳು ಅವನ ಹೆಂಡತಿ. ಹುಚ್ಚುನಾಯಿ ರೋಗದ ಲಸಿಕೆ, ಹೊಟ್ಟೆಹುಳದ ಮಾತ್ರೆ, ಉಣ್ಣಿ ಜ್ವರ, ಎಲ್ಲದಕ್ಕೂ ನನ್ನ ಹತ್ತಿರ ತರುತ್ತಿದ್ದವಳು ಅವಳೇ. ಮಕ್ಕಳಿರಲಿಲ್ಲ. ನಾನು ಅವಳನ್ನು ‘ಪಿಂಟುನ ಅಮ್ಮ’ ಎಂದೇ ಕರೆಯುತ್ತಿದ್ದೆ. ನಗುತ್ತಿದ್ದಳು.

ಕಾರ್ಡಿನಲ್ಲಿ ‘ಮಾಲೀಕರು’ ಎಂಬ ಕಡೆ ಮಾತ್ರ ಗಣಪತಿಯ ಹೆಸರು ಬರೆದಿದ್ದೆ. ಸರ್ವೀಸಿನುದ್ದಕ್ಕೂ ಹಾಗೇ ಬರೆದವನು ನಾನು. ದನ ಎಳೆದುಕೊಂಡು ಬರುವವಳು ಹೆಂಗಸು, ಸಗಣಿ ಬಾಚುವವಳು ಹೆಂಗಸು, ಚೀಟಿಯಲ್ಲಿ ಗಂಡನ ಹೆಸರು. ಕೈಗೆ ರೂಢಿಯಾಗಿಬಿಟ್ಟಿತ್ತು.

ಅವರಿಬ್ಬರೂ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹೋದರು. ಪಾತ್ರೆ ಪಗಡಕ್ಕೆಲ್ಲ ತಕರಾರಿಲ್ಲದೆ ಒಪ್ಪಿದವರು ನಾಯಿಯ ವಿಷಯಕ್ಕೆ ಬಂದು ನಿಂತುಬಿಟ್ಟರು. ಕಾನೂನಿನ ಲೆಕ್ಕದಲ್ಲಿ ಸಾಕುನಾಯಿ ಚರಾಸ್ತಿ, ಅಂದರೆ ಕುರ್ಚಿ ಮೇಜಿನ ಹಾಗೆ. ಯಾರ ಹಿಂದೆ ಓಡುತ್ತದೆ ಎಂಬುದಕ್ಕಿಂತ ಯಾರದು ಎಂಬುದೇ ಮುಖ್ಯ. ವಕೀಲರ ಕೋಣೆಯಲ್ಲಿ ನಡೆದ ರಾಜಿ ಮಾತುಕತೆಗೆ ಕಾರ್ಡಿನ ಸಮೇತ ನನ್ನನ್ನೂ ಕರೆಸಿದರು.

“ನಾಯಿ ತರ್ತಾ ಇದ್ದದ್ದು ಈ ಹೆಂಗಸು,” ಎಂದೆ.

“ಕಾರ್ಡಲ್ಲಿ ಯಾರ ಹೆಸ್ರಿದೆ, ಅಷ್ಟು ಹೇಳಿ ಸರ್,” ಎಂದರು ಗಣಪತಿಯ ವಕೀಲರು.

ಹೇಳಿದೆ. ಅವಳು ನನ್ನ ಕಡೆ ತಿರುಗಿ, “ಇಷ್ಟು ವರ್ಷ ಬಂದ್ರೂ ನನ್ ಹೆಸ್ರು ಎಂತ ಅಂತ ನೀವು ಕೇಳ್ಲೇ ಇಲ್ಲ ಡಾಕ್ಟ್ರೇ,” ಎಂದಳು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಪಿಂಟು ಗಣಪತಿಯ ಜೊತೆ ಭಟ್ಕಳಕ್ಕೆ ಹೋಯಿತು. ಅವಳು ಕುಮಟಾದಲ್ಲಿ ಬಾಡಿಗೆ ಕೋಣೆ ಹಿಡಿದು ಹೊಲಿಗೆ ಅಂಗಡಿಗೆ ಸೇರಿದಳು. ಜೂನ್, ಜುಲೈ ಮೀನು ಮೊಟ್ಟೆ ಇಡುವ ಕಾಲವಾದ್ದರಿಂದ ಯಾಂತ್ರಿಕ ಬೋಟುಗಳಿಗೆ ನಿಷೇಧ. ಆ ಎರಡು ತಿಂಗಳು ಗಣಪತಿ ನಾಯಿಯ ಜೊತೆ ಮನೆಯಲ್ಲೇ ಇದ್ದ. ಆಗಸ್ಟಿನಲ್ಲಿ ಬೋಟುಗಳು ಮತ್ತೆ ಸಮುದ್ರಕ್ಕಿಳಿದವು. ತಿಂಗಳಾಗುವಷ್ಟರಲ್ಲಿ ಅವನು ಪಿಂಟುವನ್ನು ಕ್ಲಿನಿಕ್ಕಿಗೆ ಕರೆತಂದ. ಮುಟ್ಟಿ ನೋಡಿದೆ. ಜ್ವರವಿಲ್ಲ, ತೂಕ ಇಳಿದಿಲ್ಲ.

“ಎಂತ ಆತು ಇದಕ್ಕೆ?”

“ಎಂತದೂ ಆಗ್ಲಿಲ್ಲ. ನಾ ಬೋಟಿಗೆ ಹೋದಾಗ ದಕ್ಕೆ ಮೇಲೆ ಕೂತಿರ್ತದಂತೆ. ಉಳಿದ ನಾಯಿಗಳು ಸಮುದ್ರದ ಬದಿಗೆ ನೋಡ್ತವೆ, ಇದು ಬಸ್ ಬರೂ ರಸ್ತೆ ಬದಿಗೆ. ಮೊನ್ನೆ ನಾ ಬೋಟಿಂದ ಇಳ್ದು ಕರ್ದೆ. ಬಾಲ ಅಲ್ಲಾಡಿಸ್ತು, ಮತ್ತೆ ಆ ಬದಿಗೇ ತಿರುಗ್ತು.” ಸರಪಳಿಯನ್ನು ಕೈಗೆ ಸುತ್ತಿಕೊಂಡ. “ಮನೇಲಿ ಮಾತಾಡೂಕೆ ಇದೊಂದಾದ್ರೂ ಇರ್ಲಿ ಅಂತ ಹಟ ಮಾಡ್ದೆ. ಅವ್ಳಿಗೆ ನೀವೇ ಫೋನ್ ಮಾಡಿ. ನಾ ಮಾಡಿದ್ರೆ ಎತ್ತೂದಿಲ್ಲ.”

ಅವಳು ಬರುವಾಗ ಸಂಜೆಯಾಗಿತ್ತು. ಪಿಂಟು ಕೂಗಿದ ಕೂಗಿಗೆ ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ಗಣಪತಿ ಖಾಲಿ ಸರಪಳಿ ಹಿಡಿದು ರಸ್ತೆಯಾಚೆ ನಿಂತಿದ್ದ. ಭಟ್ಕಳದ ಎರಡು ಬಸ್ಸು ಹೋದರೂ ಹತ್ತಲಿಲ್ಲ.

ನಾನು ಹೊಸ ಕಾರ್ಡು ತೆಗೆದೆ. “ನಿನ್ನ ಹೆಸರು ಹೇಳಮ್ಮ.”

“ಸುಜಾತಾ.”

“ಪೂರ್ತಿ ಹೆಸರು?”

ಅವಳು ಕಿಟಕಿಯಿಂದ ರಸ್ತೆಯಾಚೆ ನೋಡಿದಳು. “ಸದ್ಯ ಅಷ್ಟೇ ಬರೀರಿ. ಹೆಸ್ರಿನ ಮುಂದೆ ಎಂತ ಹಾಕೂದು ಅಂತ ನಂಗೂ ಗೊತ್ತಿಲ್ಲ.”

ಅಷ್ಟೇ ಬರೆದೆ. ಅವಳು ನಾಯಿಯೊಂದಿಗೆ ಹೋದ ಮೇಲೆ ಹಳೆಯ ಕಾರ್ಡು ಹರಿಯಲು ಮನಸ್ಸಾಗಲಿಲ್ಲ. ರಸ್ತೆ ದಾಟಿ ಗಣಪತಿಗೆ ಕೊಟ್ಟೆ. ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ.

ಈಗ ಯಾರೇ ಬರಲಿ, ಪ್ರಾಣಿಯನ್ನು ಮುಟ್ಟುವ ಮೊದಲು ತಂದವರ ಹೆಸರು ಕೇಳುತ್ತೇನೆ. ಇಷ್ಟು ಕಲಿಯಲು ನನಗೆ ನಿವೃತ್ತಿಯಾಗಬೇಕಾಯಿತು. ಕೇಳಿದ ಕೂಡಲೇ ಹೆಚ್ಚಿನ ಹೆಂಗಸರು ಗಂಡನ ಹೆಸರನ್ನೇ ಹೇಳುತ್ತಾರೆ. ಅದಲ್ಲ, ನಿಮ್ಮದು ಹೇಳಿ ಎಂದು ಇನ್ನೊಮ್ಮೆ ಕೇಳುತ್ತೇನೆ.