ಅಪ್ಪನ ನಿದ್ದೆಯ ಕ್ಯಾಸೆಟ್ಟು, ಹೆಸರಿಲ್ಲದ ಸಿನಿಮಾ

ಹಗಲು ಹೊತ್ತು ನಮ್ಮ ಮನೆಯ ಟಿವಿಗೆ ದನಿ ಇಲ್ಲದಿದ್ದ ಕಾಲ ಅದು. ಡೊಂಬಿವಲಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಬಣ್ಣದ ಕಾರ್ಖಾನೆಯಲ್ಲಿ ಅಪ್ಪನಿಗೆ ರಾತ್ರಿ ಪಾಳಿ. ಬೆಳಿಗ್ಗೆ ಬಂದು, ಮಿಂದು, ಗಂಜಿ ಉಂಡು ಮಲಗಿಬಿಡುತ್ತಿದ್ದರು. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ. ಅಪ್ಪನ ಮಂಚ, ಟಿವಿ, ನಾನು, ನನ್ನ ಅಣ್ಣ ಪ್ರದೀಪ, ಎಲ್ಲ ಆ ಒಂದೇ ಕೋಣೆಯಲ್ಲಿ.

ಹಾಗೆಂದು ಮನೆ ಸುಮ್ಮನಿರುತ್ತಿರಲಿಲ್ಲ. ಸುಮ್ಮನಿದ್ದರೆ ಅಪ್ಪನಿಗೆ ಎಚ್ಚರವಾಗುತ್ತಿತ್ತು. ಕಾರ್ಕಳದ ಕಡೆ ಹುಟ್ಟಿ, ಯಕ್ಷಗಾನ ಆಟದ ಬಯಲಿನಲ್ಲಿ ಚಾಪೆ ಹಾಸಿಕೊಂಡು ಚೆಂಡೆಯ ಸದ್ದಿನಲ್ಲೇ ಮಲಗಿ ಬೆಳೆದ ಮನುಷ್ಯ. ಅವರು ನಿದ್ದೆ ಹೋಗುತ್ತಿದ್ದದ್ದು ಒಂದೇ ಒಂದು ಯಕ್ಷಗಾನದ ಕ್ಯಾಸೆಟ್ಟಿಗೆ. ಅಪ್ಪ ಯಾರೆಂದು ತಿಳಿಯದ ಮಗ, ಮಗ ಯಾರೆಂದು ತಿಳಿಯದ ಅಪ್ಪ, ಇಬ್ಬರೂ ರಣರಂಗದಲ್ಲಿ ಎದುರಾಗುವ ಪ್ರಸಂಗ. ಒಂದು ಮಗ್ಗುಲು ಮುಗಿದು ಟೇಪ್ ರೆಕಾರ್ಡರಿನ ಗುಂಡಿ ಟಕ್ಕೆಂದು ಮೇಲೆದ್ದರೆ ನಾನು ಓಡಿಹೋಗಿ ಕ್ಯಾಸೆಟ್ಟು ಮಗುಚಬೇಕು. ತಡವಾದರೆ ಮಂಚದಿಂದ "ಯಾಕೆ ನಿಂತಿತು?" ಎಂಬ ಪ್ರಶ್ನೆ. ಮಗ್ಗುಲು ಬದಲಿಸುವುದು ನನ್ನ ಕೆಲಸ, ಟಿವಿಯ ದನಿ ಮುಚ್ಚುವುದು ಅಣ್ಣನ ಕೆಲಸ.

ನಾನು ಹೇಳಹೊರಟಿರುವುದು ಒಂದು ಮೇ ರಜೆಯ ವಿಷಯ. ನನಗೆ ಹನ್ನೊಂದೋ ಹನ್ನೆರಡೋ. ಕಿಟಕಿ ತೆರೆದರೆ ಕಾರ್ಖಾನೆಗಳ ಕಡೆಯಿಂದ ಕೊಳೆತ ಎಲೆಕೋಸಿನಂಥ ವಾಸನೆ, ಮುಚ್ಚಿದರೆ ಅಡುಗೆಮನೆಯಲ್ಲಿ ಅಮ್ಮ ಕರಿಯುತ್ತಿದ್ದ ಹಲಸಿನ ಹಪ್ಪಳದ ವಾಸನೆ. ಅಂಗಳದಲ್ಲಿ ಲಗೋರಿ ಆಡಲು ಐದು ಗಂಟೆಯವರೆಗೆ ಸೊಸೈಟಿಯ ಅಪ್ಪಣೆ ಇರಲಿಲ್ಲ. ಅಣ್ಣ ಸ್ಟೇಷನ್ನಿನ ಬಳಿಯ ಫುಟ್‌ಪಾತಿನಿಂದ ಒಂದು ಸಿನಿಮಾದ ಎರಡು ಸಿಡಿ ತಂದಿದ್ದ. ಹೊದಿಕೆ ಇಲ್ಲ, ಹೆಸರಿಲ್ಲ. ಬಿಳಿ ಗಡ್ಡದ ಮುದುಕ, ಕುದುರೆಯ ಮೇಲೆ ಬರುವ ತರುಣ, ಕತ್ತಿ, ಮಂಜು. ಚೀನಾದ್ದಿರಬೇಕು. ಅವರು ಯಾವ ಭಾಷೆ ಆಡುತ್ತಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ದಿನ ನಾನು ಕ್ಯಾಸೆಟ್ಟು ಹಚ್ಚಿದ್ದೂ ಅಣ್ಣ ಸಿಡಿ ಹಚ್ಚಿದ್ದೂ ಒಂದೇ ಗಳಿಗೆಗೆ ಆಯಿತು. ಚೆಂಡೆ ಶುರುವಾಗುವುದಕ್ಕೂ ಕುದುರೆ ಗುಡ್ಡ ಇಳಿಯುವುದಕ್ಕೂ ಸರಿಹೋಯಿತು. ಭಾಗವತರು ದನಿ ಏರಿಸಿದರೆ ಅಲ್ಲಿ ತರುಣ ತಲೆಯೆತ್ತುತ್ತಾನೆ. ಕ್ಯಾಸೆಟ್ಟಿನ ರಾಜ ಅರ್ಥದ ಮಾತಿಗೆ ತೊಡಗಿದರೆ ಮುದುಕ ಬಾಯಿ ತೆರೆಯುತ್ತಾನೆ. ಕೊನೆಗೆ ಕ್ಯಾಸೆಟ್ಟಿನ ಮೊದಲ ಮಗ್ಗುಲು ಟಕ್ಕೆಂದು ಮುಗಿಯಿತು, ಟಿವಿಯೂ ಕಪ್ಪಾಯಿತು. ಮೊದಲ ಸಿಡಿ ಖಾಲಿ. ಅಣ್ಣ ನನ್ನನ್ನು ನೋಡಿದ. ನಾನು ಕ್ಯಾಸೆಟ್ಟು ಮಗುಚಿದೆ, ಅವನು ಸಿಡಿ ಬದಲಿಸಿದ, ಬೆರಳಿನಲ್ಲಿ ಐದು ಎಣಿಸಿ ಒಟ್ಟಿಗೇ ಒತ್ತಿದೆವು. ಎರಡನೆಯ ಅರ್ಧವೂ ಕೂಡಿಬಂತು.

ಆ ವಾರವಿಡೀ ಮತ್ತೆ ಮತ್ತೆ ನೋಡಿದೆವು. ಹದಿನಾಲ್ಕು ಕಡೆ ಕೂಡುತ್ತದೆಂದು ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಒಂಬತ್ತೇ ಎಂದು ಅಣ್ಣ ಈಗ ಹೇಳುತ್ತಾನೆ. ಪುಸ್ತಕ ಎಂದೋ ರದ್ದಿಗೆ ಹೋಗಿದೆ.

ತೊಂದರೆ ಏನೆಂದರೆ, ನಾನು ಹೇಳಿದ್ದನ್ನು ಯಾರೂ ನಂಬುತ್ತಿರಲಿಲ್ಲ. ಹಿಂದಿನ ವರ್ಷ ನಮ್ಮ ಬಿಲ್ಡಿಂಗಿನ ನೀರಿನ ಟಾಕಿಯ ಮೇಲೆ ಫ್ಲೆಮಿಂಗೊ ಹಕ್ಕಿ ಕೂತಿತ್ತು ಎಂದು ಹೇಳಿದ್ದೆ. ನೋಡಿದವಳು ನಾನೊಬ್ಬಳೇ. ಅಂದಿನಿಂದ ಸುಳ್ಳಿ ಎಂಬ ಹೆಸರು ಅಂಟಿಕೊಂಡಿತ್ತು. ಆಟದಲ್ಲಿ ನಾನು ಔಟ್ ಎಂದರೂ ಔಟಲ್ಲ, ಅಲ್ಲ ಎಂದರೂ ಔಟ್.

ರತ್ನಾಕರ ಮಾವ, ಅಮ್ಮನ ತಮ್ಮ, ಠಾಣೆಯ ನೌಪಾಡಾದಲ್ಲಿ ಒಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ರಜೆಯ ದಿನ ನಮ್ಮಲ್ಲಿಗೆ ಊಟಕ್ಕೆ. ಆ ದಿನ ಕೆಳಗಿನ ಮನೆಯ ಧಾರವಾಡದ ಶಾಂತಾ ಕಾಕುವೂ ಅಡುಗೆಮನೆಯಲ್ಲಿದ್ದರು. ಕಾಕು ಇದ್ದರೆ ನಮ್ಮ ತುಳು ಕನ್ನಡವಾಗುತ್ತಿತ್ತು. ನಾನು ವಿಷಯ ಹೇಳಿದೆ.

"ಏ ಫ್ಲೆಮಿಂಗೊ, ಈಗ ಚೀನಾದವರಿಗೂ ಯಕ್ಷಗಾನ ಕಲಿಸಿದೆಯಾ ಮಾರಾಯ್ತಿ?" ಎಂದರು ಮಾವ.

"ಇದರ ಬಾಯಾಗ ಹಕ್ಕಿ ಹಾರತಾವ, ಕುದುರಿ ಓಡತಾವ" ಎಂದು ಕಾಕು ನಕ್ಕರು.

"ಸಚ್ಚೀ ಮಾವ, ದೇಖೋ ತೋ ಸಹೀ" ಎಂದ ಅಣ್ಣ. ಅವನ ಕನ್ನಡ ಕಿವಿಯಲ್ಲಿತ್ತು, ನಾಲಿಗೆಗೆ ಇಳಿದಿರಲಿಲ್ಲ.

ಮಾವ ಕೈ ತೊಳೆದು ಬಂದರು. "ತೋರಿಸು. ಕೂಡಿದರೆ ನಾನು ಸೋತೆ. ಕೂಡದಿದ್ದರೆ ಜನ್ಮವಿಡೀ ನೀನು ಫ್ಲೆಮಿಂಗೊ. ಮದುವೆಯ ಕಾಗದದಲ್ಲೂ ಅದನ್ನೇ ಹಾಕಿಸುತ್ತೇನೆ."

ಅಮ್ಮ ಸೌಟು ಎತ್ತಿ ಪಿಸುಗುಟ್ಟಿದರು, "ಅವರು ಎದ್ದರೆ ಒಬ್ಬೊಬ್ಬರನ್ನೂ ಕೆಳಗೆ ಕಳಿಸುತ್ತೇನೆ. ನಿನ್ನನ್ನೂ, ರತ್ನಾಕರ."

ಹೀಗೆ ಮಲಗಿದ್ದ ಅಪ್ಪನಿಗೆ ಬೆನ್ನು ಹಾಕಿ ಅಮ್ಮನೂ ಸೇರಿ ನಾವು ಐವರು ನೆಲದ ಮೇಲೆ ಸಾಲಾಗಿ ಕೂತೆವು. ಹಪ್ಪಳ ಮುರಿಯುವ ಸದ್ದೂ ಆಗಬಾರದೆಂದು ಕಾಕು ತುಂಡನ್ನು ಬಾಯಲ್ಲೇ ನೆನೆಸುತ್ತಿದ್ದರು. ಚೆಂಡೆ, ಕುದುರೆ. ಭಾಗವತರು, ತರುಣ. ಮಾವ "ಹೂಂ, ಒಂದೆರಡು ಹೀಗೇ ಕೂಡುತ್ತವೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. ಮೊದಲ ಮಗ್ಗುಲು ಮುಗಿಯಿತು, ಟಿವಿ ಕಪ್ಪಾಯಿತು. ಅವರ ಹುಬ್ಬು ಮೇಲೇರಿದ್ದನ್ನು ನಾನು ನೋಡಿದೆ. ಇನ್ನು ಎರಡನೆಯ ಅರ್ಧದ ಮೊದಲ ಮಾತು ಬಾಕಿ. ಮುದುಕ ನೇರ ನಮ್ಮ ಕಡೆ ತಿರುಗಿ ಬಾಯಿ ತೆರೆಯುವ ಜಾಗ, ಎಲ್ಲಕ್ಕಿಂತ ಗಟ್ಟಿಯಾಗಿ ಕೂಡುವ ಜಾಗ.

ಅವಸರದಲ್ಲಿ ಕ್ಯಾಸೆಟ್ಟು ಎಳೆದೆ. ರೀಲು ಒಳಗೇ ಸಿಕ್ಕಿಕೊಂಡು ಮೊಳದುದ್ದ ಹೊರಬಂತು. ಅಣ್ಣ ಆಗಲೇ ಸಿಡಿ ಒತ್ತಿಬಿಟ್ಟಿದ್ದ. ನಾನು ಪೆನ್ನು ತೂರಿಸಿ ರೀಲು ಸುತ್ತತೊಡಗಿದೆ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಟಿವಿಯಲ್ಲಿ ಮಂಜು ಸರಿಯಿತು, ಮುದುಕ ತಿರುಗಿದ. ಮಾವನ ತುಟಿಯಲ್ಲಿ ಫ್ಲೆಮಿಂಗೊ ಎಂಬ ಮಾತು ತಯಾರಾಗುತ್ತಿತ್ತು.

ಹಿಂದೆ ಮಂಚ ಕಿರುಗುಟ್ಟಿತು. ನಿಶ್ಶಬ್ದಕ್ಕೆ ಅಪ್ಪ ಎದ್ದಿದ್ದರು. ಮೊಣಕೈ ಊರಿ, ಅರೆಗಣ್ಣಿನಲ್ಲಿ ಟಿವಿ ನೋಡಿದರು. ಮುದುಕ ಬಾಯಿ ತೆರೆದ. ಅಪ್ಪನೂ ತೆರೆದರು.

"ಯಾರ ಮಗನಯ್ಯಾ ನೀನು? ಹೆಸರು ಹೇಳಿ ಆಮೇಲೆ ಬಿಲ್ಲು ಎತ್ತು!"

ಕ್ಯಾಸೆಟ್ಟಿನ ರಾಜನ ಅದೇ ಮಾತು, ಅದೇ ಏರಿಳಿತ. ವರ್ಷಗಟ್ಟಲೆ ನಿದ್ದೆಯಲ್ಲಿ ಕೇಳಿದ್ದು ಬಾಯಿಗೆ ಬಂದುಬಿಟ್ಟಿತ್ತು. ಮುದುಕನ ತುಟಿ ಆಡಿದಷ್ಟು ಹೊತ್ತೂ ಅಪ್ಪ ಆಡಿದರು, ಅವನು ನಿಲ್ಲಿಸಿದಲ್ಲಿ ನಿಲ್ಲಿಸಿದರು. ಮನೆಯಲ್ಲಿ ದಿನಕ್ಕೆ ಹತ್ತು ಮಾತು ಆಡದ ಮನುಷ್ಯ! ನಾನು ಸುತ್ತಿದ ಕ್ಯಾಸೆಟ್ಟನ್ನು ಒಳಗೆ ಹಾಕಿ ಒತ್ತಿದೆ. ಪೆನ್ನಿನಲ್ಲಿ ಎಷ್ಟು ಮುಂದೆ ಹೋಗಿತ್ತೋ, ಚೆಂಡೆ ಬಿದ್ದದ್ದೂ ಕತ್ತಿಗೆ ಕತ್ತಿ ತಗುಲಿದ್ದೂ ಒಂದೇ ಸಲ. ಈ ಕೊನೆಯದನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಹಾಗಲ್ಲದೆ ಬೇರೆ ಹೇಗೂ ನೆನಪಿಗೆ ಬರುವುದಿಲ್ಲ.

ಅಪ್ಪ ಮತ್ತೆ ಮಲಗಿಬಿಟ್ಟಿದ್ದರು.

"ಖರೇನ ಅದ ಬಿಡವಾ" ಎಂದು ಕಾಕು ನನ್ನ ಬೆನ್ನು ತಟ್ಟಿದರು. ಮಾವ ಟಿವಿಯನ್ನೂ ಮಂಚವನ್ನೂ ನೋಡಿ ಕೇಳಿದರು: "ಹಾಗಾದರೆ ಆ ಹಕ್ಕಿಯೂ ಬಂದಿತ್ತಾ ಮಾರಾಯ್ತಿ?"

"ಬಂದಿತ್ತು" ಎಂದೆ. ಯಾರೂ ನಗಲಿಲ್ಲ. ಸಂಜೆಯ ಹೊತ್ತಿಗೆ ಕಾಕು ಬಿಲ್ಡಿಂಗಿಗೆಲ್ಲ ಹೇಳಿಯಾಗಿತ್ತು. ಅಂಗಳದಲ್ಲಿ ನಾನು ಔಟಲ್ಲ ಎಂದೆ. ಔಟಾಗಲಿಲ್ಲ.

ಅಣ್ಣ ಈಗ ಖಾರ್‌ಘರ್‌ನಲ್ಲಿದ್ದಾನೆ. ಅಪ್ಪ ಅಂದು ಎದ್ದು ನೀರು ಕೇಳಿದರಷ್ಟೇ ಎಂದು ಅವನ ವಾದ. ಅಪ್ಪನನ್ನು ಕೇಳಿದರೆ "ಯಾವ ಸಿನಿಮಾ?" ಎನ್ನುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಆ ಎರಡು ಸಿಡಿಗಳನ್ನು ಕಂಪ್ಯೂಟರಿಗೆ ಹಾಕಿ, ಅಂದಿನಂತೆ ದನಿ ಮುಚ್ಚಿ, ಅದೇ ಪ್ರಸಂಗದ ಅದೇ ಧ್ವನಿಮುದ್ರಣವನ್ನು ಹುಡುಕಿ ಇಳಿಸಿಕೊಂಡು, ಎರಡನ್ನೂ ಒಟ್ಟಿಗೆ ಹಚ್ಚಿದೆ. ಕುದುರೆ ಇಳಿದು ಮುಗಿಯುವ ಮೊದಲೇ ಚೆಂಡೆ ದೂರ ಹೋಗಿತ್ತು. ನಮ್ಮ ಟೇಪ್ ರೆಕಾರ್ಡರು ನಿಧಾನ ಓಡುತ್ತಿತ್ತು, ಅಷ್ಟೇ. ಅದರ ಸಡಿಲ ಬೆಲ್ಟು, ಬಿಸಿಲಿಗೆ ಹಿಗ್ಗಿದ ಆ ಒಂದು ರೀಲು, ಇವಿಲ್ಲದೆ ಆ ಕೂಡಿಕೆ ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ.

ಸೋತೆನೆಂದು ಅನ್ನಿಸಲಿಲ್ಲ. ಐದು ಜನ ನೋಡಿದ್ದೆವು, ಮಾವ ಒಪ್ಪಿದ್ದರು. ಅನ್ನಿಸಿದ್ದು ಬೇರೆ. ಕಂಪ್ಯೂಟರಿನಲ್ಲಿ ಮಗ್ಗುಲು ಬದಲಿಸಬೇಕಾಗಿಲ್ಲ, ಒಂದರ ಹಿಂದೊಂದು ಓಡುತ್ತಲೇ ಇರುತ್ತದೆ, ನಡುವೆ ಸದ್ದು ನಿಲ್ಲುವುದೇ ಇಲ್ಲ. ಕಲ್ಯಾಣದ ಹೊಸ ಮನೆಯಲ್ಲಿ ಅಪ್ಪ ರಾತ್ರಿ ಬಾಗಿಲು ಹಾಕಿಕೊಂಡು ಯಾವ ಸದ್ದೂ ಇಲ್ಲದೆ ನಿದ್ದೆ ಮಾಡುತ್ತಾರೆ. ಮಗ್ಗುಲು ಮುಗಿದಾಗ ಅವರನ್ನು ಎಬ್ಬಿಸುತ್ತಿದ್ದ ಆ ನಿಶ್ಶಬ್ದ ಈಗ ಎಲ್ಲಿಯೂ ಇಲ್ಲ.