ಎರಡು ಪಟ್ಟು ವೇಗದ ಕಾರ್ಡು

ಕಂಪ್ಯೂಟರಿನಲ್ಲಿ ವಿಡಿಯೊ ಬೇಗ ತಯಾರಾಗಲೆಂದು ತಂದ ಹೊಸ ಗ್ರಾಫಿಕ್ಸ್ ಕಾರ್ಡಿನ ಡಬ್ಬಿಯ ಮೇಲೆ ಎರಡು ಕಂಬ ಬರೆದಿದ್ದರು. ಹಳೆಯ ಕಾರ್ಡಿನ ವೇಗ ಗಿಡ್ಡ ಕಂಬ, ಹೊಸದರದು ಅದರ ಎರಡು ಪಟ್ಟು ಎತ್ತರ. ಕೆಳಗೆ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ, ‘ಆಯ್ದ ಪರೀಕ್ಷೆಗಳಲ್ಲಿ’ ಎಂದಿತ್ತು. ಆಯ್ದವರು ಯಾರು? ಕಾರ್ಡು ಮಾಡಿದ ಕಂಪನಿಯವರೇ ತಾನೆ! ನನಗೆ ಅಲ್ಲೇ ತಲೆಗೆ ಹುಳ ಬಿಟ್ಟಂತಾಯಿತು.

ರಾಮನಗರದಲ್ಲಿ ನಮ್ಮದು ಮದುವೆ ವಿಡಿಯೊ ಮಾಡುವ ಸ್ಟುಡಿಯೊ. ಕ್ಯಾಮೆರಾ ಗಂಡನದು, ಎಡಿಟಿಂಗ್ ನನ್ನದು. ಅವರು ರೇಷ್ಮೆ ನೂಲು ಬಿಚ್ಚುವವರ ಮನೆಯಲ್ಲಿ ಬೆಳೆದವರು. ಗೂಡಿನ ಮಾರುಕಟ್ಟೆಯಲ್ಲಿ ರಾಶಿಗೆ ಕೈ ಹಾಕಿ, ಒಂದು ಹಿಡಿ ಗೂಡು ತೆಗೆದು, ಅಲುಗಿಸಿ ನೋಡಿ, ಇಡೀ ರಾಶಿಗೆ ಬೆಲೆ ಕೂಗುವುದು ಆ ಮನೆಯ ರೂಢಿ. ಕಾರ್ಡನ್ನೂ ಹಾಗೇ ನೋಡಿದರು. ಕೂಟಗಲ್ಲಿನ ಮದುವೆಯೊಂದರ ರಿಸೆಪ್ಷನ್ನಿನ ಸಣ್ಣ ತುಣುಕು ಕೊಟ್ಟರು, ಅದು ಹಳೆಯದರ ಅರ್ಧ ಹೊತ್ತಿನಲ್ಲಿ ತಯಾರಾಯಿತು.

“ನೋಡ್ದೇನಮ್ಮಿ? ಎಲ್ಲದಕ್ಕೂ ಅನುಮಾನ ನಿಂಗೆ” ಎಂದರು.

ಥಳಥಳ ಬೆಳಕು, ಒಂದೇ ಕ್ಯಾಮೆರಾ, ಅದು ರಾಶಿಯ ಮೇಲಿನ ಗೂಡು, ತಳಕ್ಕೆ ಕೈ ಹಾಕಿಲ್ಲ ನೀವು ಎಂದೆ. ಧಾರೆಯದು ಮೂರು ಕ್ಯಾಮೆರಾ, ಮಬ್ಬು ಬೆಳಕು, ಅದನ್ನು ಕೊಟ್ಟು ನೋಡಿ ಎಂದೆ. ಕೇಳುವ ಆಸಾಮಿಯೇ? ಅಷ್ಟರಲ್ಲಿ ಹಳೆಯ ಕಾರ್ಡನ್ನು ಚನ್ನಪಟ್ಟಣದ ಗೆಳೆಯನಿಗೆ ಕೊಟ್ಟಾಗಿತ್ತು. ಬೀಗರ ಊಟದ ದಿನಕ್ಕೆ ಪೂರ್ತಿ ಸಿನಿಮಾ ತರುತ್ತೇವೆ ಎಂದು ಕೂಟಗಲ್ಲಿನ ಮದುವೆ ಮನೆಗೆ ಫೋನೂ ಆಗಿತ್ತು.

ಬೇರೆ ಮದುವೆಯಾಗಿದ್ದರೆ ನಾಲ್ಕು ದಿನ ತಡವಾಗಿದ್ದರೂ ಬೈಸಿಕೊಂಡು ಸುಮ್ಮನಿರಬಹುದಿತ್ತು. ಈ ಹುಡುಗಿಯ ಅಪ್ಪ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಛತ್ರಕ್ಕೆ ಕರೆತರಲಾಗದೆ ಚಿಕ್ಕಪ್ಪ ನಿಂತು ಧಾರೆ ಎರೆದಿದ್ದರು. ಬೀಗರ ಊಟದ ಮರುದಿನವೇ ಅಪ್ಪನಿಗೆ ಬೆಂಗಳೂರಿನಲ್ಲಿ ತಲೆಯ ಆಪರೇಷನ್. ಅದಕ್ಕೆ ಮೊದಲು ಮಗಳ ಧಾರೆ ನೋಡಬೇಕು ಎಂಬುದೊಂದೇ ಅವರ ಆಸೆ. ಆಪರೇಷನ್ ಆದಮೇಲೆ ಹೇಗಿರುತ್ತಾರೋ ಯಾರಿಗೂ ಗೊತ್ತಿರಲಿಲ್ಲ.

ಧಾರೆಯ ಭಾಗ ಬಂದದ್ದೇ ಕಾರ್ಡು ಕಾದು, ಫ್ಯಾನು ಕಿರುಚತೊಡಗಿತು. ಕೆಲಸ ಎಷ್ಟಾಯಿತೆಂದು ತೋರಿಸುವ ಪರದೆಯ ಮೇಲಿನ ಹಸಿರು ಪಟ್ಟಿ ಕೂತಲ್ಲೇ ಕೂತಿತು. ಗಂಡ ಕಂಪ್ಯೂಟರಿನ ಪಕ್ಕದ ಬಾಗಿಲು ಬಿಚ್ಚಿ ಟೇಬಲ್ ಫ್ಯಾನ್ ಇಟ್ಟರು. ನಾನು ಅಡುಗೆ ಮನೆಗೆ ಹೋಗಿ ಬಂದು ನೋಡುತ್ತೇನೆ, ಪಟ್ಟಿ ಅಲ್ಲೇ. ಬೀಗರ ಊಟದ ಬೆಳಿಗ್ಗೆಯೂ ಅರ್ಧ ದಾಟಿರಲಿಲ್ಲ. ಕೂಟಗಲ್ಲಿನಿಂದ ಫೋನು ಬಂದಾಗಲೆಲ್ಲ ಇನ್ನೇನು ಆಯಿತು ಎನ್ನುತ್ತಿದ್ದೆ. ಬಾಯಿಗೆ ಬಂದದ್ದೆಲ್ಲ ಬೈದೆ, ಮೊದಲು ಕಂಪನಿಯನ್ನು, ಆಮೇಲೆ ಗಂಡನನ್ನು. ಅವರು ಟೇಬಲ್ ಫ್ಯಾನನ್ನು ಇನ್ನಷ್ಟು ಹತ್ತಿರ ಸರಿಸಿದರು.

ಕೊನೆಗೆ ಆದದ್ದಾಗಲಿ ಎಂದು, ಕ್ಯಾಮೆರಾ ಹಿಡಿದದ್ದನ್ನು ಹಿಡಿದ ಹಾಗೇ ಹಾರ್ಡ್ ಡಿಸ್ಕಿಗೆ ತುಂಬಿಕೊಂಡೆ. ಹಾಡಿಲ್ಲ, ಬಣ್ಣ ತಿದ್ದಿಲ್ಲ, ಒಂದು ಚೂರೂ ಕತ್ತರಿಸಿಲ್ಲ. ಸ್ಟುಡಿಯೊದವರಿಗೆ ಅದು ಮಾನ ಕಳೆಯುವ ಕೆಲಸ. ಹೊರಟೆವು.

ಹೊರಗೆ ಶಾಮಿಯಾನದಡಿ ಮುದ್ದೆ, ಬಾಡಿನ ಸಾರಿನ ಪಂಕ್ತಿ ನಡೆದಿತ್ತು. ಒಳಗೆ ಅಪ್ಪನನ್ನು ದಿಂಬಿಗೆ ಒರಗಿಸಿ ಟಿ.ವಿ. ಎದುರು ಕೂರಿಸಿದ್ದರು. ನಾನು ಡಿಸ್ಕ್ ಸಿಕ್ಕಿಸಿ, ಪೂರ್ತಿ ಆಗಿಲ್ಲ, ತಪ್ಪು ತಿಳಿಯಬೇಡಿ ಅಂದೆ. ಅವರ ಕಣ್ಣು ಆಗಲೇ ಪರದೆಯ ಮೇಲಿತ್ತು.

ಧಾರೆಗೆ ಮೊದಲಿನ ಗದ್ದಲ. ಎಡಿಟ್ ಮಾಡಿದ್ದರೆ ಅಲ್ಲಿ ಒಂದು ಸಿನಿಮಾ ಹಾಡು ಹಾಕಿ, ಮಾತೆಲ್ಲ ಅಳಿಸಿರುತ್ತಿದ್ದೆ. ಯಾರೋ ಹೂವು ಕೇಳುತ್ತಾರೆ, ಪುರೋಹಿತರು ಅವಸರ ಮಾಡುತ್ತಾರೆ. ಬಾಸಿಂಗ ಕಟ್ಟಿಸಿಕೊಂಡ ಹುಡುಗಿ ಪಕ್ಕದ ಚಿಕ್ಕಮ್ಮನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ಅಪ್ಪಯ್ಯಂಗೆ ಯಾರಾರ ಉಣ್ಣಕ್ಕೆ ಕೊಟ್ರಾ?”

ಉತ್ತರ ಕೊಡಲು ಚಿಕ್ಕಮ್ಮನಿಗೆ ಪುರುಸೊತ್ತಿರಲಿಲ್ಲ. ಹುಡುಗಿ ಕೈ ಮುಂದೆ ಒಡ್ಡಿದಳು.

ದಿಂಬಿಗೊರಗಿದ್ದ ಅಪ್ಪ ಇನ್ನೂ ಆಡುತ್ತಿದ್ದ ಒಂದು ಕೈಯನ್ನು ಎತ್ತಿ ಪರದೆಯ ಕಡೆ ಬೀಸಿದರು. ಸೊಟ್ಟಗಾದ ಬಾಯಿಂದ ತೊದಲುತ್ತ, ಮಗಳಿಗೆ ಕೇಳಿಸಲೆಂದು ಜೋರಾಗಿಯೇ ಹೇಳಿದರು:

“ಕೊಟ್ರು ಕಣವ್ವ. ಉಂಡೆ. ನೀನು ಧಾರೆ ಎರಿಸ್ಕೊ.”