ಕಿಟಕಿ ಬೆಳಕಿನಲ್ಲಿ ಆರಿಸಿದ ಹಲ್ಲು

1987ರಲ್ಲಿ ಏಳನೆಯ ಇಯತ್ತೆಗೇ ಶಾಲೆ ಬಿಟ್ಟು, ಸೊಲ್ಲಾಪುರದ ಚಾದರ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕಲು ನಿಂತವನು ನಾನು. ಈಗ ದುಡಿಮೆ ಮಸ್ಕತ್ತಿನಲ್ಲಿ. ಅಕ್ಕಲಕೋಟೆಯಲ್ಲಿ ನಡೆಯಲಿದ್ದ ಮಗಳ ಮದುವೆಗೆ ಹೊರಡುವ ಮುನ್ನ, ಹುಳುಕು ಹಿಡಿದು ಕಪ್ಪಾಗಿದ್ದ ಮುಂದಿನ ಎರಡು ಹಲ್ಲು ತುಂಬಿಸಲು ಮಸ್ಕತ್ತಿನದೇ ಒಂದು ಹಲ್ಲಿನ ದವಾಖಾನೆಗೆ ಹೋದೆ. ಫೋಟೊದಲ್ಲಿ ಒಮ್ಮೆಯಾದರೂ ಬಾಯ್ತುಂಬ ನಗಬೇಕಿತ್ತು.

ಕಲಬುರಗಿ ಕಡೆಯ ಡಾಕ್ಟರಮ್ಮ ದೀಪದ ಕೆಳಗೆ ಹಲ್ಲಿನಾಕಾರದ ಬಿಳಿ ಮಾದರಿಗಳನ್ನು ನನ್ನ ಹಲ್ಲಿಗೆ ಹಿಡಿದು ನೋಡಿ, ಒಂದನ್ನು ಆರಿಸಿದರು. ಕನ್ನಡಿ ನೋಡಿದ ನನಗೆ ಸುಮ್ಮನಿರಲಾಗಲಿಲ್ಲ.

“ಇದು ಹೊಂದಂಗಿಲ್ರಿ ಮೇಡಂ. ದೀಪದಾಗ ಬಣ್ಣ ಸುಳ್ಳು ಹೇಳ್ತದ. ಕಿಟಕಿ ಹಂತ್ಯಾಕ ಬರ್ರಿ.”

“ಕಾಕಾ, ಡಾಕ್ಟರ್ ನಾನೋ ನೀವೋ?” ಎಂದು ನಕ್ಕರೂ ಎದ್ದು ಬಂದರು.

ಕಿಟಕಿಯಲ್ಲಿ ಆ ಬಿಳುಪುಗಳೆಲ್ಲ ಬೇರೆ ಬೇರೆಯಾಗಿ ಅರಳಿದವು: ಹಾಲು, ಜೋಳದ ಹಿಟ್ಟು, ಇನ್ನೂ ಬಣ್ಣ ಕಾಣದ ನೂಲು. ಕಾರ್ಖಾನೆಯ ಅಂಗಳದಲ್ಲಿ, ಗಾಳಿಗೆ ತೂಗುವ ನೂಲಿನ ಲಡಿಗಳ ನಡುವೆ ಮತ್ತೆ ನಿಂತಂತಾಯಿತು. ಜೋಳದ ಹಿಟ್ಟಿನ ಬಣ್ಣದ ಮೇಲೆ ಬೆರಳಿಟ್ಟೆ. ಡಾಕ್ಟರಮ್ಮ ಅದನ್ನು ನನ್ನ ಹಲ್ಲಿಗೆ ಹಿಡಿದು ನೋಡಿ, ತಾವು ಆರಿಸಿದ್ದನ್ನು ಡಬ್ಬಿಗೆ ಹಾಕಿದರು.

ಮದುವೆಯ ಫೋಟೊದಲ್ಲಿ ನಾನು ಬಾಯ್ತುಂಬ ನಕ್ಕಿದ್ದೇನೆ. ತುಂಬಿಸಿದ ಎರಡು ಯಾವುವೆಂದು ಬೀಗರಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಬಾಯಲ್ಲಿರುವ ಇಪ್ಪತ್ತೆಂಟೂ ಹಲ್ಲುಗಳದು ಈಗ ಒಂದೇ ಬಣ್ಣ, ಜೋಳದ ಹಿಟ್ಟಿನದು.